ಕೊಂಬೆಗೆ ಕೊಂಬೆ ತಾಗಿರಲಿ

ಕೇಳುಗರಿಗೆ ನಮಸ್ಕಾರ. ಇವತ್ತು ಕಾಡುಪಾಪ ಅನ್ನುವ ಪುಟ್ಟ ಪ್ರಾಣಿಯ ವಿಷಯ. ತುಮಕೂರು ಕಡೆಯ ಹಳ್ಳಿಯವರಿಗೆ ಗೊತ್ತಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಇದೆ, ನಂಬುತ್ತೀರಾ? ತೂಕ ಕಾಲು ಕೆಜಿ ಆಸುಪಾಸು. ಸಣಕಲು ಕೈಕಾಲು, ಮುಖದ ತುಂಬ ಕಣ್ಣು, ಬಾಲವೇ ಇಲ್ಲ. ಕೋತಿಯ ದೂರದ ನೆಂಟ. ಆದರೆ ಕೋತಿಯ ಹಾಗೆ ಜಿಗಿಯುವುದಿಲ್ಲ. ಇದೊಂದು ನೆನಪಿಟ್ಟುಕೊಳ್ಳಿ, ಜಿಗಿಯುವುದಿಲ್ಲ. ಕೈಗೆ ಕೊಂಬೆ ಸಿಕ್ಕಿದರೆ ಮಾತ್ರ ಮುಂದಿನ ಮರ.

ಒಮ್ಮೆ ತುಮಕೂರಿನ ನಾಗವಲ್ಲಿ ಕಡೆ ರಾತ್ರಿ ಒಂದು ಹೊಲದ ಬೇಲಿ ಪಕ್ಕ ನಿಂತಿದ್ದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆ, ಬಿಳಿ ಬೆಳಕು ಅದಕ್ಕೆ ಹಿಂಸೆ. ಹೊಂಗೆ ಮರದಲ್ಲಿ ಕೆಂಡದಂತೆ ಎರಡು ಕಣ್ಣು. ಕೊಂಬೆ ತುದಿಯಲ್ಲಿ ಮಿಡತೆ. ಕಾಡುಪಾಪ ಒಂದು ಕೈ ಮುಂದಿಟ್ಟಿತು, ನಿಂತಿತು. ಆಮೇಲೆ ಒಂದು ಕಾಲು. ಎಲೆ ಕೂಡ ಅಲುಗಲಿಲ್ಲ. ಹಿಂಗಾಲಲ್ಲಿ ಕೊಂಬೆ ಬಿಗಿಹಿಡಿದು, ಎರಡೂ ಕೈ ಚಾಚಿ ಗಬಕ್ಕನೆ ಹಿಡಿಯಿತು. ಕರುಂ ಕರುಂ ಅಂತ ತಿಂದಿತು.

ಜೊತೆಗಿದ್ದ ಹೊಲದವರು, "ಬೆಳೆಗೆ ಏನೂ ಮಾಡಲ್ವಾ ಸಾರ್?" ಅಂದರು. "ನಿಮ್ಮ ಮಿಡತೆಯನ್ನೇ ತಿಂತಿದೆಯಲ್ಲ ಯಜಮಾನ್ರೇ" ಅಂದೆ.

ಆಮೇಲೆ ಅದು ಆಚೆಯ ಜಾಲಿಗೆ ಹೊರಟಿತು. ನಡುವೆ ಬಂಡಿದಾರಿ, ಮೇಲಿನ ಕೊಂಬೆ ಕಡಿದಿದ್ದರು. ಕೈ ಚಾಚಿತು, ಸಿಕ್ಕಲಿಲ್ಲ. ಹಿಂದೆ ಹೋಗಿ ಬೇರೆ ಕೊಂಬೆಯಿಂದ ನೋಡಿತು. ಅಲ್ಲೂ ಇಲ್ಲ. ಕೊನೆಗೆ ನೆಲಕ್ಕಿಳಿದು, ತಡವರಿಸುತ್ತಾ ದಾಟಿತು. ನಾಯಿ ಬಂದಿದ್ದರೆ? ಬೈಕ್ ಬಂದಿದ್ದರೆ? ಅದಕ್ಕೇ ಹೇಳುತ್ತಿರುವುದು, ಜಿಗಿಯುವುದಿಲ್ಲ!

ಸಮಯ ಆಯಿತು ಅಂತ ಒಳಗಿನಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಹಗಲೆಲ್ಲ ಮುಳ್ಳುಪೊದೆಯಲ್ಲಿ ನಿದ್ದೆ. ರಾತ್ರಿ ತಾಯಿ ಮರಿಯನ್ನು ಕೊಂಬೆಯಲ್ಲಿ ಬಿಟ್ಟು ಮೇವಿಗೆ ಹೋಗುತ್ತದೆ. ಅನಾಥ ಮರಿ ಅಂದುಕೊಂಡು ಎತ್ತಿ ತರಬೇಡಿ. ಮಾಟಮಂತ್ರಕ್ಕೆ ಇದನ್ನು ಹಿಡಿಯುವವರು ಇನ್ನೂ ಇದ್ದಾರೆ. ಏನು ಹೇಳೋಣ ಅವರಿಗೆ! ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇದೂ ಇದೆ, ಜೈಲು ಗ್ಯಾರಂಟಿ.

ತಮಿಳುನಾಡಿನಲ್ಲಿ 2022ರಲ್ಲಿ ಕಾಡುಪಾಪಕ್ಕೆಂದೇ ಅಭಯಾರಣ್ಯ ಮಾಡಿದರು. ನಾನು ನಿಮ್ಮಿಂದ ಅಷ್ಟು ಕೇಳುತ್ತಿಲ್ಲ. ಬೇಲಿ ಸವರುವಾಗ ಮರದಿಂದ ಮರಕ್ಕೆ ಒಂದು ಕೊಂಬೆ ಬಿಡಿ. ಕರೆಂಟ್ ತಂತಿಗೆ ತಾಗುವುದನ್ನು ಕಡಿಸಿ, ಬೇಡ ಅನ್ನಲ್ಲ. ಸುಮ್ನೆ ಚೆಂದಕ್ಕೆ ಅಂತ ಎಲ್ಲ ಬೋಳಿಸಬೇಡಿ. ನಮಸ್ಕಾರ.