ಕಷಾಯದ ಬೆನ್ನಿಗೆ ಗಂಜಿ

ಇಂದು ಆಟಿ ಅಮಾವಾಸ್ಯೆ, ತುಳುನಾಡಿನಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ದಿನ. ಪರದೆಯ ಮೇಲೆ ನೀವು ಕಾಣುತ್ತಿರುವುದು ಉಡುಪಿಯ ಹೊರವಲಯದಲ್ಲಿರುವ ನಮ್ಮ ಹಿರಿಯರ ಮನೆಯ ಹಿತ್ತಿಲು. ಬೆಳಗಿನ ಜಾವ ಐದು ಗಂಟೆಯ ಹೊತ್ತು. ಮಳೆ ಆಗಷ್ಟೇ ಹೊಳವಾಗಿದೆ. ದೊಡ್ಡಪ್ಪ ಟಾರ್ಚಿನ ಬೆಳಕಿನಲ್ಲಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯುತ್ತಿದ್ದಾರೆ, ಏಕೆಂದರೆ ಇದಕ್ಕೆ ಕತ್ತಿ ತಾಗಿಸಬಾರದೆಂಬುದು ತುಳುನಾಡಿನ ಕಟ್ಟುಪಾಡು. ಒಳಗೆ ಅಜ್ಜಿ ಅದಕ್ಕೆ ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ರಸವನ್ನು ಸೋಸಿ, ಕೆಂಡದಲ್ಲಿ ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಇಳಿಸಿದಾಗ ಎದ್ದ ಸದ್ದನ್ನು ನೀವೂ ಕೇಳಿದಿರಿ. ಹೊಟ್ಟೆಯ ಹುಳುವಿನಿಂದ ಹಿಡಿದು ಮಳೆಗಾಲದ ಅಜೀರ್ಣದವರೆಗೆ ಎಲ್ಲಕ್ಕೂ ಈ ಒಂದು ಲೋಟ ಸಾಕೆಂಬುದು ಊರಿನ ನಂಬಿಕೆ. ಇಲ್ಲೊಂದು ಎಚ್ಚರಿಕೆ ಅಗತ್ಯ: ಕತ್ತಲಲ್ಲಿ ಹಾಲೆಯೆಂದುಕೊಂಡು ಕಾಸರಕನ ತೊಗಟೆಯನ್ನು ತಂದರೆ ಅದರಲ್ಲಿರುವ ಸ್ಟ್ರಿಕ್ನಿನ್ ಪ್ರಾಣಕ್ಕೇ ಎರವಾಗಬಹುದು. ಮರದ ಗುರುತಿಲ್ಲದವರು ಈ ಸಾಹಸಕ್ಕೆ ಹೋಗಬಾರದು.

ಆದರೆ ನನ್ನ ಕುತೂಹಲ ಇರುವುದು ಕಷಾಯದಲ್ಲಲ್ಲ, ಅದರ ಬೆನ್ನಿಗೆ ಬರುವ ಮೆಂತೆ ಗಂಜಿಯಲ್ಲಿ. ಕಷಾಯ ಕುಡಿದವರಿಗೆ ಅಂದು ಬೆಳಿಗ್ಗೆ ದೋಸೆಯಿಲ್ಲ, ಇಡ್ಲಿಯಿಲ್ಲ, ಗಂಜಿಯೇ ಗತಿ. ಕಷಾಯದ ಉಷ್ಣಕ್ಕೆ ಗಂಜಿಯ ತಂಪು ಎಂದು ಮನೆಯಲ್ಲಿ ಹೇಳುತ್ತಾರೆ. ಚರಕಸಂಹಿತೆಯ ಪುಟಗಳನ್ನು ತಿರುವಿದಾಗ ನನಗೆ ಕಂಡದ್ದು ಇದೇ ಕ್ರಮದ ವಿಸ್ತಾರವಾದ ರೂಪ. ವಾಂತಿ ಅಥವಾ ಭೇದಿ ಮಾಡಿಸಿ ದೇಹವನ್ನು ಶುದ್ಧಿಗೊಳಿಸಿದ ರೋಗಿಗೆ ಮೊದಲು ಪೇಯವೆಂಬ ತೆಳು ಗಂಜಿ, ಅನಂತರ ವಿಲೇಪಿಯೆಂಬ ಗಟ್ಟಿ ಗಂಜಿ, ಆಮೇಲೆ ಬೇಳೆಯ ಕಟ್ಟು, ಕೊನೆಗೆ ಮಾಂಸರಸ ಎಂದು ಮೆಟ್ಟಿಲು ಮೆಟ್ಟಿಲಾಗಿ ಆಹಾರವನ್ನು ಏರಿಸುವ ಆ ಪದ್ಧತಿಗೆ ಸಂಸರ್ಜನ ಕ್ರಮವೆಂದು ಹೆಸರು. ಕಿಡಿಯಷ್ಟೇ ಉಳಿದ ಬೆಂಕಿಗೆ ಮೊದಲು ಹುಲ್ಲನ್ನು ಒಡ್ಡಿ, ಹತ್ತಿಕೊಂಡ ಮೇಲೆ ಸೌದೆ ಇಡುವಂತೆ ಹೊಟ್ಟೆಯ ಅಗ್ನಿಯನ್ನೂ ಸ್ವಲ್ಪಸ್ವಲ್ಪವಾಗಿಯೇ ಎಬ್ಬಿಸಬೇಕೆಂಬುದು ಆ ಕಾಲದ ವೈದ್ಯರ ತರ್ಕ. ಅದೇ ಗ್ರಂಥದ ಸೂತ್ರಸ್ಥಾನದ ಎರಡನೆಯ ಅಧ್ಯಾಯದಲ್ಲಿ 28 ಬಗೆಯ ಯವಾಗುಗಳು, ಎಂದರೆ ಔಷಧಿ ಸೇರಿಸಿದ ಗಂಜಿಗಳು ಬರುತ್ತವೆ. ಬೇಲದ ಹಣ್ಣು, ಬಿಲ್ವ, ಚಾಂಗೇರಿಯೆಂಬ ಹುಳಿಸೊಪ್ಪು, ಮಜ್ಜಿಗೆ, ದಾಳಿಂಬೆ ಇವಿಷ್ಟನ್ನು ಹಾಕಿ ಬೇಯಿಸಿದ ಗಂಜಿ ಪಚನಕ್ಕೂ ಹೌದು, ಭೇದಿಯನ್ನು ಹಿಡಿಯುವುದಕ್ಕೂ ಹೌದು ಎಂದು ಅಲ್ಲಿ ಹೇಳಿದೆ. ದಾಳಿಂಬೆ ಸಿಪ್ಪೆಯ ತಂಬುಳಿಯನ್ನು ಉಂಡು ಬೆಳೆದ ಕರಾವಳಿಯವರಿಗೆ ಈ ಸಾಲು ಅಪರಿಚಿತವೆನಿಸಲಾರದು.

ಹಳೆಯ ವೈದ್ಯರ ಜಾಣ್ಮೆ ಅವರ ಬೇರು-ನಾರುಗಳಿಗಿಂತ ಹೆಚ್ಚಾಗಿ ಈ ಹಿಂದುಮುಂದಿನ ಲೆಕ್ಕಾಚಾರದಲ್ಲಿತ್ತು ಎಂಬುದು ನನ್ನ ಅಭಿಪ್ರಾಯ. ಅತಿಸಾರದ ಚಿಕಿತ್ಸೆಯನ್ನೇ ನೋಡಿ. ಆಮದಿಂದ, ಎಂದರೆ ಜೀರ್ಣವಾಗದೆ ಉಳಿದ ಆಹಾರದ ದೋಷದಿಂದ ಭೇದಿಯಾಗುತ್ತಿರುವವನಿಗೆ ಮೊದಲೇ ಕಟ್ಟುವ ಔಷಧಿಯನ್ನು ಕೊಡಬಾರದೆಂದು ಚರಕಸಂಹಿತೆ ಕಟ್ಟುನಿಟ್ಟಾಗಿ ಹೇಳುತ್ತದೆ. ಆಮವಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಮಲವನ್ನು ನೀರಿಗೆ ಹಾಕಿ ನೋಡುವ ಪರೀಕ್ಷೆಯೂ ಅಲ್ಲಿದೆ: ಮುಳುಗಿದರೆ ಆಮ, ತೇಲಿದರೆ ಪಕ್ವ. ಇಂದಿನ ಪ್ರಯೋಗಾಲಯದವರು ಇದನ್ನು ಒಪ್ಪಲಾರರು, ಆದರೆ ಔಷಧಿ ಕೊಡುವ ಮುನ್ನ ಕಣ್ಣಾರೆ ನೋಡಿ ನಿರ್ಧರಿಸುವ ಆ ಸಂಯಮ ನನಗೆ ಇಷ್ಟವಾಯಿತು. ನಾನು ಹನ್ನೆರಡು ವರ್ಷದವನಿದ್ದಾಗ ಮದುವೆಯೊಂದರಲ್ಲಿ ಹೋಳಿಗೆಯನ್ನು ಮಿತಿಮೀರಿ ತಿಂದು ಇಡೀ ರಾತ್ರಿ ಪಟ್ಟ ಪಾಡು ನೆನಪಿದೆ. ಮಾತ್ರೆ ಕೊಡಿರೆಂದು ಗೋಗರೆದರೂ ಅಜ್ಜಿ ಕೊಡದೆ, ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಗಳಿಗೆಗೊಮ್ಮೆ ಕುಡಿಸುತ್ತಾ, "ಹೋಗುವುದು ಹೋಗಲಿ ಮಗಾ" ಎಂದಷ್ಟೇ ಹೇಳಿದ್ದರು. ಅಂದು ಬಂದ ಸಿಟ್ಟು ಸಣ್ಣದಲ್ಲ. ಹಾಗೆಂದು ಎಲ್ಲ ಭೇದಿಗೂ ಕಾಯುತ್ತಾ ಕೂರುವಂತಿಲ್ಲ. ಮಕ್ಕಳು ಬಸವಳಿದರೆ ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಮಜ್ಜಿಗೆಯ ವಿಷಯಕ್ಕೆ ಬಂದರೆ ಆ ವೈದ್ಯರು ಕವಿಗಳೇ ಆಗಿಬಿಡುತ್ತಾರೆ. ಪಚನ ಕೆಟ್ಟು ಮತ್ತೆಮತ್ತೆ ಭೇದಿಯಾಗುವ ಗ್ರಹಣಿ ರೋಗಕ್ಕೆ ಮಜ್ಜಿಗೆಯೇ ಶ್ರೇಷ್ಠ, ಏಕೆಂದರೆ ಅದು ಅಗ್ನಿಯನ್ನು ಹೊತ್ತಿಸುತ್ತದೆ, ಹಿಡಿದು ನಿಲ್ಲಿಸುತ್ತದೆ, ಹಗುರವೂ ಆಗಿದೆ ಎಂದು ಚರಕಸಂಹಿತೆ ಕಾರಣಸಹಿತವಾಗಿ ವಾದಿಸುತ್ತದೆ. ಆದರೆ ಅದು ಆಗಷ್ಟೇ ಕಡೆದದ್ದಾಗಿರಬೇಕು. ಆಯುರ್ವೇದದ ಇನ್ನೊಬ್ಬ ಆಚಾರ್ಯ ವಾಗ್ಭಟನಂತೂ ತನ್ನ ಅಷ್ಟಾಂಗಹೃದಯದಲ್ಲಿ ಎಲ್ಲ ರೋಗಗಳೂ ಮಂದಾಗ್ನಿಯಿಂದಲೇ ಹುಟ್ಟುತ್ತವೆ ಎಂದು ಬರೆದು, ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ಎರಡನ್ನು ಅನ್ನಕ್ಕೂ ಒಂದನ್ನು ನೀರಿಗೂ ಕೊಟ್ಟು ನಾಲ್ಕನೆಯದನ್ನು ವಾಯುವಿಗೆ ಬಿಡಬೇಕೆಂದು ವಿಧಿಸಿದ. ಉಡುಪಿಯ ಹಬ್ಬದೂಟದ ಎಲೆಯ ಮುಂದೆ ಕುಳಿತವನಿಗೆ ಆ ನಾಲ್ಕನೆಯ ಪಾಲನ್ನು ಉಳಿಸುವುದು ಎಷ್ಟು ಕಷ್ಟವೆಂಬುದು ವಾಗ್ಭಟನಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಉಳಿಸದವರಿಗಾಗಿ ಅವನಲ್ಲೇ ಹಿಂಗ್ವಷ್ಟಕ ಚೂರ್ಣವಿದೆ: ಶುಂಠಿ, ಹಿಪ್ಪಲಿ, ಮೆಣಸು, ಓಮದ ಜಾತಿಯ ಅಜಮೋದ, ಸೈಂಧವ ಉಪ್ಪು, ಎರಡು ಬಗೆಯ ಜೀರಿಗೆ ಮತ್ತು ಇಂಗು. ಅದನ್ನು ತುಪ್ಪದೊಡನೆ ಊಟದ ಮೊದಲ ತುತ್ತಿಗೇ ಕಲಸಿಕೊಳ್ಳಬೇಕು.

ಇಂಗಿನ ಮಾತು ಬಂದಾಗ ಒಂದು ಕುದುರೆಯ ಕಥೆಯನ್ನು ಹೇಳದಿರಲಾರೆ. 1563ರಲ್ಲಿ ಗೋವಾದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಇದನ್ನು ದಾಖಲಿಸಿದ್ದಾನೆ. ವಿಜಯನಗರದಲ್ಲಿದ್ದ ಪೋರ್ಚುಗೀಸನೊಬ್ಬನ ಬೆಲೆಬಾಳುವ ಕುದುರೆಗೆ ಹೊಟ್ಟೆಯುಬ್ಬರದ ಕಾಯಿಲೆಯಿತ್ತು. ಆ ಕಾರಣಕ್ಕೆ ರಾಜ ಅದನ್ನು ಕೊಳ್ಳಲಿಲ್ಲ. ಒಡೆಯ ಹಿಟ್ಟಿನಲ್ಲಿ ಇಂಗು ಬೆರೆಸಿ ತಿನ್ನಿಸಿ ಅದನ್ನು ಗುಣಪಡಿಸಿದ. ಕೊಂಡುಕೊಂಡ ರಾಜನಿಗೆ ಮದ್ದಿನ ಹೆಸರು ತಿಳಿದಾಗ, ದೇವತೆಗಳ ಆಹಾರವನ್ನೇ ತಿನ್ನಿಸಿದ ಮೇಲೆ ಗುಣವಾದದ್ದರಲ್ಲಿ ಆಶ್ಚರ್ಯವೇನು ಎಂದನಂತೆ. ಪೋರ್ಚುಗೀಸನು ತನ್ನ ಭಾಷೆಯಲ್ಲಿ, ತಗ್ಗಿದ ದನಿಯಲ್ಲಿ, ಅದನ್ನು ದೆವ್ವಗಳ ಆಹಾರವೆನ್ನುವುದೇ ಸರಿ ಎಂದು ಗೊಣಗಿದನಂತೆ.

ಈಗ ನಾವು ಮನೆಯ ಹಿಂದಿನ ಪದವು, ಎಂದರೆ ಮುರಕಲ್ಲಿನ ಬೋಳುಗುಡ್ಡ ಹತ್ತಿದ್ದೇವೆ. ಮುರಕಲ್ಲಿನ ಸಂದಿಯಲ್ಲಿ ನಿಂತಿರುವ, ಕಡ್ಡಿಯಂತಹ ಕಾಯಿಗಳು ಜೋಡಿಜೋಡಿಯಾಗಿ ತೂಗುತ್ತಿರುವ ಈ ಗಿಡವೇ ಕೊಡಸಿಗ, ಸಂಸ್ಕೃತದ ಕುಟಜ. ಎಲೆಯನ್ನು ಕಿತ್ತರೆ ಒಸರುವ ಬಿಳಿಯ ಹಾಲನ್ನು ಕ್ಯಾಮೆರಾದ ಹತ್ತಿರಕ್ಕೆ ತಂದಿದ್ದೇನೆ, ನೋಡಿ. ರಕ್ತಭೇದಿಗೆ ಇದರ ತೊಗಟೆಯ ಕಷಾಯವನ್ನು ಶತಮಾನಗಳಿಂದ ಕೊಡುತ್ತಾ ಬಂದಿದ್ದಾರೆ. ಡಚ್ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿ ಮಲಬಾರಿನ ಸಸ್ಯಗಳ ಕುರಿತು ಸಿದ್ಧಪಡಿಸಿ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚು ಹಾಕಿಸಿದ ಹೋರ್ಟುಸ್ ಮಲಬಾರಿಕುಸ್ ಗ್ರಂಥದಲ್ಲಿ ಇದು 'ಕೊಡಗಪಾಲ' ಎಂಬ ಹೆಸರಿನಲ್ಲಿ ಸೇರಿದೆ. ಅವನಿಗೆ ಗಿಡಗಳ ಗುಣಗಳನ್ನು ತಿಳಿಸಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ ಹಾಗೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರು. ಈ ಮೂವರು 1675ರಲ್ಲಿ ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಅದರಲ್ಲೇ ಅಚ್ಚಾಗಿದೆ. ಅದರ ಭಾಷೆ ಮಂಗಳೂರಿನ ರಥಬೀದಿಯಲ್ಲಿ ಇಂದಿಗೂ ಕಿವಿಗೆ ಬೀಳುವ ಕೊಂಕಣಿ. ಮುಂದೆ ತಲಶ್ಶೇರಿಯ ಹೆಸರು ಹೊತ್ತು ಈ ತೊಗಟೆ ಯುರೋಪಿನ ಔಷಧದ ಅಂಗಡಿಗಳನ್ನೂ ತಲುಪಿತು. ಸಸ್ಯಶಾಸ್ತ್ರಜ್ಞ ಲಿನಿಯಸ್ ಇದಕ್ಕೆ ಕೊಟ್ಟ ಹೆಸರಿನಲ್ಲೇ 'ರಕ್ತಭೇದಿಗೆ ಎದುರಾದದ್ದು' ಎಂಬ ಅರ್ಥವಿದೆ.

ಆದರೆ ಅದೇ ಯುರೋಪಿನ ವೈದ್ಯರು 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದು ಕಾಲರಾ, ರಕ್ತಭೇದಿಗಳಿಗೆ ನೆಚ್ಚಿಕೊಂಡದ್ದು ಕ್ಯಾಲೊಮೆಲ್ ಎಂಬ ಪಾದರಸದ ಪುಡಿಯನ್ನು. ಒಮ್ಮೆಗೆ 20 ಗ್ರೇನ್, ಎಂದರೆ ಸುಮಾರು 1.3 ಗ್ರಾಂ, ಜೊತೆಗೆ ರಕ್ತನಾಳವನ್ನು ಕೊಯ್ದು ರಕ್ತ ಹರಿಸುವುದು. ಪಾದರಸದ ವಿಷದಿಂದ ಬಾಯಲ್ಲಿ ಜೊಲ್ಲು ಸುರಿಯತೊಡಗಿದರೆ ಔಷಧಿ ಹತ್ತಿತೆಂದು ಸಮಾಧಾನಪಡುತ್ತಿದ್ದರು. ನೀರು ಬತ್ತಿ ಸಾಯುತ್ತಿರುವವನ ರಕ್ತವನ್ನೂ ತೆಗೆಯುವುದೆಂದರೇನು ಎಂದು ಈಗ ಕೇಳುವುದು ಸುಲಭ. ಕಾಲರಾದ ಮುಂದೆ ನಮ್ಮ ಕಡೆಯ ಪಂಡಿತರೂ ಕೈಚೆಲ್ಲಿದ್ದರು ಎಂಬುದನ್ನು ಮರೆಮಾಚಬಾರದು. ರೋಗಾಣುವಿನ ಅರಿವು ಇಬ್ಬರಿಗೂ ಇರಲಿಲ್ಲ.

ಹೊಟ್ಟೆಯಲ್ಲಿ ನಿಜವಾಗಿ ನಡೆಯುವುದೇನು ಎಂಬುದನ್ನು ಕಣ್ಣಿಟ್ಟು ನೋಡಿದ ಕೀರ್ತಿ ಮಾತ್ರ ಪಶ್ಚಿಮದವರಿಗೇ ಸಲ್ಲಬೇಕು. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಗುಂಡೇಟು ತಗುಲಿ, ಗಾಯ ಮಾಯ್ದರೂ ಜಠರಕ್ಕೆ ಒಂದು ತೂತು ಉಳಿದುಬಿಟ್ಟಿತು. ಅವನಿಗೆ ಚಿಕಿತ್ಸೆ ಮಾಡಿದ ಸೇನಾ ವೈದ್ಯ ವಿಲಿಯಂ ಬೋಮಾಂಟ್ 1825ರಿಂದ ಮಾಂಸ, ಬ್ರೆಡ್, ಕೋಸಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಲ್ಲಿ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು, ಎಷ್ಟು ಕರಗಿದೆಯೆಂದು ಬರೆದಿಟ್ಟ. ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುವುದನ್ನೂ ಅವನು ಗಮನಿಸಿದ. ಅಗ್ನಿಯ ಜಾಗದಲ್ಲಿ ಅವನಿಗೆ ಕಂಡದ್ದು ಆಮ್ಲ.

ಪದವಿನಿಂದ ಇಳಿದು ಬರುವಷ್ಟರಲ್ಲಿ ಗಂಟೆ ಒಂಬತ್ತಾಗಿದೆ. ಕಷಾಯದ ಕಹಿ ಇನ್ನೂ ನಾಲಿಗೆಯ ಬುಡದಲ್ಲಿದೆ. ಒಲೆಯ ಮೇಲೆ ಮೆಂತೆ ಗಂಜಿ ಕುದಿಯುತ್ತಿದೆ, ತೆಂಗಿನಹಾಲು ಬಿದ್ದು ಅದರ ಬಣ್ಣ ತಿಳಿಯಾಗಿದೆ. ನಾನು ಬಟ್ಟಲು ಹಿಡಿದು ಹೋದರೆ ಅಜ್ಜಿ ಸೌಟನ್ನು ಎತ್ತದೆ ನನ್ನ ಮುಖವನ್ನೇ ನೋಡಿ, "ಹಸಿವಾಯ್ತಾ ಮಗಾ? ಇಲ್ಲದಿದ್ರೆ ಇನ್ನು ಸ್ವಲ್ಪ ಹೊತ್ತು ಹೋಗಲಿ" ಎನ್ನುತ್ತಿದ್ದಾರೆ.