ಕರ್ನಾಟಕಕ್ಕೆ ಯಾಕೆ ‘ಎಕ್ಸ್’? ಸ್ಪ್ಯಾಮ್ ಮೆಸೇಜು ಡಿಲೀಟ್ ಮಾಡುವ ಮೊದಲು ಇದನ್ನು ನೋಡಿ

[ಸ್ಕ್ರೀನ್ ಮೇಲೆ: ಅಮ್ಮನ ಫೋನು, ಎರಡು ಮೆಸೇಜು ಅಕ್ಕಪಕ್ಕ]

ನಮಸ್ಕಾರ. ಹೋದ ವಾರ ಅಮ್ಮ ಫೋನ್ ಹಿಡಿದುಕೊಂಡು ಗಾಬರಿಯಲ್ಲಿ ಬಂದರು. "ಇವತ್ತು ರಾತ್ರಿ ಒಂಬತ್ತೂವರೆಗೆ ನಮ್ಮನೆ ಕರೆಂಟ್ ಕಟ್ ಮಾಡ್ತಾರಂತೆ. ಬಿಲ್ ಕಟ್ಟಿದ್ದೀವಿ ತಾನೆ?"

ಕಟ್ಟಿದ್ದೆವು. ಇದು ಊರೂರು ಸುತ್ತಿ ಬಂದ ಮೋಸ. ಅವರು ಕೊಟ್ಟ ನಂಬರಿಗೆ ಫೋನ್ ಮಾಡಿದರೆ ಒಂದು ಆ್ಯಪ್ ಹಾಕಿಸುತ್ತಾರೆ. ಆಮೇಲೆ ಖಾತೆಯಲ್ಲಿರುವ ದುಡ್ಡಿಗೆ ಕೈ ಹಾಕುತ್ತಾರೆ. ಸಮಾಧಾನ ಮಾಡಿ ವಿಷಯ ಹೇಳಿದೆ. ಆಗ ಅಮ್ಮ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. "ನಿಜ ಯಾವುದು, ಸುಳ್ಳು ಯಾವುದು ಅಂತ ನನಗೆ ಹೇಗೆ ಗೊತ್ತಾಗಬೇಕು? ಬ್ಯಾಂಕಿನವರ ಹೆಸರೂ ವಿಚಿತ್ರವಾಗೇ ಇದೆಯಲ್ಲ. ಜೆ, ಎಕ್ಸ್, ಒಂದು ಗೆರೆ, ಕೊನೆಗೆ ಎಸ್."

ಹುಡುಕಿದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಸ್ಪ್ಯಾಮ್, ಅಂದರೆ ಕೇಳದೇ ಬಂದು ಬೀಳುವ ಮೆಸೇಜು, ಹೊಸ ಕಾಟ ಏನಲ್ಲ. 1978ರ ಮೇ 3ರಂದು ಅಮೆರಿಕದಲ್ಲಿ ಗ್ಯಾರಿ ಥರ್ಕ್ ಅನ್ನುವವರು ಕಂಪ್ಯೂಟರ್ ಮಾರುವುದಕ್ಕೆ ಸುಮಾರು 400 ಜನರಿಗೆ ಒಂದೇ ಇಮೇಲ್ ಕಳಿಸಿದರು. ಅಲ್ಲಿಂದ ಶುರು. ನಮ್ಮಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2018ರಲ್ಲಿ ಒಂದು ಗಟ್ಟಿ ನಿಯಮ ತಂದಿತು. ವ್ಯಾಪಾರಕ್ಕೆ ಮೆಸೇಜು ಕಳಿಸುವ ಕಂಪನಿ ಮೊದಲು ನೋಂದಣಿ ಮಾಡಿಸಬೇಕು. ತನ್ನ ಹೆಸರು, ಅಂದರೆ ಹೆಡರ್, ನೋಂದಣಿ ಆಗಬೇಕು. ಮೆಸೇಜಿನ ಒಕ್ಕಣೆಯೂ ಮೊದಲೇ ಒಪ್ಪಿಗೆ ಪಡೆಯಬೇಕು. ಬ್ಯಾಂಕಿನ ಚಲನ್ ಇರುತ್ತದಲ್ಲ, ಹಾಗೆ. ಅಚ್ಚಾದ ಸಾಲು ಅಲ್ಲೇ ಇರುತ್ತದೆ. ಬಿಟ್ಟ ಜಾಗದಲ್ಲಿ ಮೊತ್ತ, ತಾರೀಖು ಮಾತ್ರ ತುಂಬುತ್ತಾರೆ.

[ಸ್ಕ್ರೀನ್ ಮೇಲೆ: ಜೆಎಕ್ಸ್, ಗೆರೆ, ಕಂಪನಿಯ ಹೆಸರು, ಗೆರೆ, ಎಸ್]

ಈಗ ಆ ಹೆಸರನ್ನು ಬಿಡಿಸೋಣ. ಮೊದಲನೆಯ ಅಕ್ಷರ ಮೊಬೈಲ್ ಕಂಪನಿಯದು. ಎ ಅಂದರೆ ಏರ್‌ಟೆಲ್, ಜೆ ಅಂದರೆ ಜಿಯೋ, ವಿ ಅಂದರೆ ವೊಡಾಫೋನ್ ಐಡಿಯಾ, ಬಿ ಅಂದರೆ ಬಿಎಸ್‌ಎನ್‌ಎಲ್. ಎರಡನೆಯ ಅಕ್ಷರ ಸರ್ಕಲ್‌ನದು, ಅಂದರೆ ಮೊಬೈಲ್ ಸೇವೆಗೆ ದೇಶವನ್ನು ಹಂಚಿಕೊಂಡ ವಲಯದ್ದು. ದೆಹಲಿಗೆ ಡಿ, ಮುಂಬೈಗೆ ಎಂ, ಗುಜರಾತಿಗೆ ಜಿ.

ಕರ್ನಾಟಕಕ್ಕೆ? ಎಕ್ಸ್!

ನನಗೆ ತುಂಬಾ ಖುಷಿ ಕೊಟ್ಟ ಜಾಗ ಇದು, ಸ್ವಲ್ಪ ನಿಲ್ಲೋಣ. ನಮ್ಮ ರಾಜ್ಯದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಮೊದಲು ಕೆ. ಅದು ಕೋಲ್ಕತ್ತಾದ ಪಾಲು. ಆಮೇಲೆ ಎ, ಅದು ಆಂಧ್ರಕ್ಕೆ. ಆರ್ ರಾಜಸ್ಥಾನಕ್ಕೆ. ಎನ್ ಈಶಾನ್ಯ ರಾಜ್ಯಗಳಿಗೆ. ಟಿ ತಮಿಳುನಾಡಿಗೆ. ಮುಂದೆ ಮತ್ತೆ ಅದೇ ಎ, ಅದೇ ಕೆ, ಅದೇ ಎ. ಅಷ್ಟೂ ಅಕ್ಷರದ ಮೇಲೆ ಬೇರೆಯವರ ಟವಲ್ ಬಿದ್ದಿದೆ, ಬಸ್ಸಿನ ಸೀಟಿನ ಹಾಗೆ! ನಮ್ಮ ಹೆಸರಿನ ಒಂದೇ ಒಂದು ಅಕ್ಷರವೂ ನಮಗಿಲ್ಲ. ಮಹಾರಾಷ್ಟ್ರಕ್ಕೆ ಝಡ್, ಮಧ್ಯಪ್ರದೇಶಕ್ಕೆ ವೈ. ಕೇರಳಕ್ಕೂ ಕೆ ಸಿಗಲಿಲ್ಲ, ಆದರೆ ತನ್ನ ಹೆಸರಿನೊಳಗಿನ ಎಲ್ ಸಿಕ್ಕಿತು.

ಒಂದು ವಿಷಯ ಗಮನಿಸಿ. ಈ ಅಕ್ಷರ ನೀವಿರುವ ಊರನ್ನು ಹೇಳುವುದಿಲ್ಲ. ಗಾಡಿಯ ನಂಬರ್ ಪ್ಲೇಟ್ ನೆನಪಿಸಿಕೊಳ್ಳಿ. ಕೆಎ-19 ಅಂದರೆ ಮಂಗಳೂರಿನಲ್ಲಿ ನೋಂದಣಿ ಆದ ಗಾಡಿ. ಅದು ಇವತ್ತು ಬೀದರಿನಲ್ಲಿ ಓಡಾಡುತ್ತಿರಬಹುದು. ಇಲ್ಲೂ ಅಷ್ಟೇ. ಮೆಸೇಜು ಯಾವ ಸರ್ಕಲ್‌ನಿಂದ ಹೊರಟಿತು ಅನ್ನುವುದನ್ನು ಆ ಅಕ್ಷರ ಹೇಳುತ್ತದೆ. ಅದಕ್ಕೇ ಹುಬ್ಬಳ್ಳಿಯಲ್ಲಿ ಕೂತವರಿಗೂ ಡಿ, ಎಂ ಇರುವ ಮೆಸೇಜು ಬರುತ್ತದೆ. ಅಷ್ಟಕ್ಕೇ ಅನುಮಾನ ಪಡಬೇಡಿ.

ಇನ್ನು ಬಾಲದ ಅಕ್ಷರ. ಇದು 2025ರಲ್ಲಿ ಬಂತು. ಪಿ ಇದ್ದರೆ ಜಾಹೀರಾತು. ಎಸ್ ಇದ್ದರೆ ಸೇವೆಯ ಸುದ್ದಿ. ಟಿ ಇದ್ದರೆ ಓಟಿಪಿ, ದುಡ್ಡು ಕಟ್ಟಾದದ್ದು, ಇಂಥ ವ್ಯವಹಾರ. ಜಿ ಇದ್ದರೆ ಸರ್ಕಾರ. ಇಷ್ಟನ್ನು ಅಮ್ಮ ಐದು ನಿಮಿಷದಲ್ಲಿ ಕಲಿತರು.

ಈಗ ಆ ಕರೆಂಟಿನ ಮೆಸೇಜು ನೋಡಿ. ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಸುಮ್ನೆ ಹತ್ತು ಅಂಕಿಯ ಮೊಬೈಲ್ ನಂಬರ್. ವ್ಯಾಪಾರದ ಮೆಸೇಜು, ಕರೆ ಯಾವುದನ್ನೂ ಇಂಥ ನಂಬರಿನಿಂದ ಮಾಡುವ ಹಾಗಿಲ್ಲ. ಬ್ಯಾಂಕಿನ ಹೆಸರಲ್ಲಿ, ಕರೆಂಟ್ ಆಫೀಸಿನ ಹೆಸರಲ್ಲಿ ಹತ್ತು ಅಂಕಿಯಿಂದ ಬಂತು ಅಂದರೆ ನಂಬಬೇಡಿ. ಹೆಡರ್ ಸರಿಯಾಗಿದ್ದರೂ ಲಿಂಕ್ ಒತ್ತುವ ಮುಂಚೆ ಒಂದು ಸಲ ಯೋಚಿಸಿ. ಬೇರೆಯವರ ಹೆಡರ್ ದುರ್ಬಳಕೆ ಮಾಡಿಕೊಂಡವರೂ ಇದ್ದಾರೆ.

[ಸ್ಕ್ರೀನ್ ಮೇಲೆ: 5 ದೂರು, 10 ದಿನ]

ಈ ವಿಡಿಯೋ ಮಾಡಿದ್ದು ಮುಖ್ಯವಾಗಿ ಇದಕ್ಕೆ. ನಾವೆಲ್ಲ ಏನು ಮಾಡುತ್ತೇವೆ? ಸ್ಪ್ಯಾಮ್ ಬಂತು, ಡಿಲೀಟ್. ನಾನೂ ಎಷ್ಟೋ ವರ್ಷ ಅದನ್ನೇ ಮಾಡಿದೆ. ಆದರೆ ಲೆಕ್ಕ ನೋಡಿ. ನೋಂದಣಿ ಇಲ್ಲದ ಒಂದು ನಂಬರಿನ ಮೇಲೆ ಹತ್ತು ದಿನದಲ್ಲಿ ಐದು ದೂರು ಬಂದರೆ ಮೊಬೈಲ್ ಕಂಪನಿ ಕ್ರಮ ಶುರು ಮಾಡಬೇಕು. ಮೊದಲು ಏಳು ದಿನದಲ್ಲಿ ಹತ್ತು ದೂರು ಬೇಕಿತ್ತು. ಈಗ ಐದೇ ಸಾಕು. ಮೊದಲ ತಪ್ಪಿಗೆ ಅವರ ಎಲ್ಲ ನಂಬರುಗಳಿಂದ 15 ದಿನ ಹೊರಹೋಗುವ ಸೇವೆ ಬಂದ್. ಮತ್ತೆ ತಪ್ಪು ಮಾಡಿದರೆ ಎಲ್ಲ ಸಂಪರ್ಕವೂ ಒಂದು ವರ್ಷ ಕಟ್. ಒಬ್ಬ ಸ್ಪ್ಯಾಮರ್ ಸಾವಿರಾರು ಜನರಿಗೆ ಕಳಿಸಿರುತ್ತಾನೆ. ಅಷ್ಟು ಜನರಲ್ಲಿ ಐವರು ಸಿಗದಿದ್ದರೆ ಅವನು ಗೆದ್ದ, ಅಲ್ವಾ? ನೀವು ಆ ಐವರಲ್ಲಿ ಒಬ್ಬರಾಗಿ.

ದೂರು ಕೊಡುವುದು ಸುಲಭ. 1909ಕ್ಕೆ ಎಸ್‌ಎಂಎಸ್ ಮಾಡಿ, ಇಲ್ಲವೇ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಬಳಸಿ. ಡಿಎನ್‌ಡಿ ಅಂದರೆ ಬೇಡದ ಜಾಹೀರಾತು ಬರದ ಹಾಗೆ ತಡೆಯುವ ಸೌಲಭ್ಯ. ಯಾರು ಕಳಿಸಿದರು, ಏನಿತ್ತು, ಯಾವ ತಾರೀಖು, ಇಷ್ಟು ಸಾಕು. ಮೆಸೇಜು ಬಂದ ಏಳು ದಿನದೊಳಗೆ ಕೊಡಬೇಕು. ನೋಂದಣಿ ಇಲ್ಲದವರ ಮೇಲಿನ ದೂರಾದರೆ ಐದು ದಿನದಲ್ಲಿ ಕ್ರಮ ಆಗಬೇಕು. ಡಿಎನ್‌ಡಿ ಹಾಕಿಸದವರೂ ಅಂಥವರ ಮೇಲೆ ದೂರು ಕೊಡಬಹುದು. ಹಾಕಿಸುವುದಾದರೆ ಎಲ್ಲವನ್ನೂ ತಡೆಯಬೇಕು ಅಂತೇನಿಲ್ಲ. ಬ್ಯಾಂಕು, ರಿಯಲ್ ಎಸ್ಟೇಟು, ಶಿಕ್ಷಣ ಹೀಗೆ ವಿಭಾಗಗಳಿವೆ. ಮಗಳಿಗೆ ಕಾಲೇಜು ಹುಡುಕುತ್ತಿದ್ದರೆ ಶಿಕ್ಷಣ ಒಂದನ್ನು ಬಿಟ್ಟು ಉಳಿದದ್ದು ಮುಚ್ಚಿ. ಯಾರ ಮಾತು ಕೇಳಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ.

ಸಮಯ ಆಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಕರೆಗಳಲ್ಲಿ 140ರಿಂದ ಶುರುವಾದರೆ ಜಾಹೀರಾತು, 1600 ಇದ್ದರೆ ಸೇವೆ ಮತ್ತು ವ್ಯವಹಾರದ ಕರೆ. ವಾಟ್ಸಾಪಿನಲ್ಲಿ ಬರುವ ಕಾಟಕ್ಕೆ ಅಲ್ಲೇ ಬ್ಲಾಕ್ ಮತ್ತು ರಿಪೋರ್ಟ್ ಎರಡೂ ಒತ್ತಿ. ರಿಪೋರ್ಟ್ ಮಾಡಿದಾಗ ಅವರ ಕೊನೆಯ ಐದು ಮೆಸೇಜು ವಾಟ್ಸಾಪಿಗೆ ಹೋಗುತ್ತದೆ, ಯಾರು ರಿಪೋರ್ಟ್ ಮಾಡಿದರು ಅಂತ ಅವರಿಗೆ ತಿಳಿಯುವುದಿಲ್ಲ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಅಂತ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಬಂದರೆ ತೆರೆಯಲೇಬೇಡಿ. ಮೋಸದ ಅನುಮಾನ ಇದ್ದರೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಚಕ್ಷು ಅಂತ ಒಂದು ವಿಭಾಗ ಇದೆ, ಅಲ್ಲಿ ತಿಳಿಸಿ. ಅಮ್ಮನ ಆ ಕರೆಂಟ್ ಮೆಸೇಜನ್ನು ನಾವು ಅಲ್ಲಿಗೇ ಹಾಕಿದೆವು. ದುಡ್ಡು ಈಗಾಗಲೇ ಹೋಗಿದ್ದರೆ ನಾಚಿಕೆ ಪಡಬೇಡಿ, ನಾಳೆ ನೋಡೋಣ ಅನ್ನಬೇಡಿ. ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ಇನ್‌ಬಾಕ್ಸ್ ತೆರೆದು ಎರಡನೆಯ ಅಕ್ಷರ ಎಕ್ಸ್ ಇರುವ ಮೆಸೇಜು ಹುಡುಕಿ. ಎಷ್ಟು ಸಿಕ್ಕವು ಅಂತ ಕಾಮೆಂಟಿನಲ್ಲಿ ಬರೆಯಿರಿ. ಅಮ್ಮನ ಫೋನಿನಲ್ಲಿ ಎಷ್ಟಿವೆ ಅಂತ ಅಮ್ಮನೇ ಎಣಿಸುತ್ತಾ ಕೂತಿದ್ದಾರೆ.