ನೊದೆಕೊಪ್ಪಲಿನವರ ‘ತಿಥಿ’

ಕೇಳುಗರಿಗೆ ನಮಸ್ಕಾರ. ಕಡಿಮೆ ದುಡ್ಡಿನ ಸಿನಿಮಾ ಅಂದ ಕೂಡಲೇ ಎಷ್ಟು ಹಾಕಿದರು, ಎಷ್ಟು ವಾಪಸ್ ಬಂತು ಅಂತಲೇ ಮಾತು ಶುರುವಾಗುತ್ತದೆ. ಇವತ್ತು ಆ ಲೆಕ್ಕ ಪಕ್ಕಕ್ಕಿಟ್ಟು ‘ತಿಥಿ’ ಬಗ್ಗೆ ಮಾತಾಡೋಣ.

ನಿರ್ದೇಶಕ ರಾಮ್ ರೆಡ್ಡಿ ಬೆಂಗಳೂರಿನವರು, ಪ್ರಾಗ್‌ನಲ್ಲಿ ಸಿನಿಮಾ ಕಲಿತವರು. ಮಂಡ್ಯ ಜಿಲ್ಲೆಯ ಹಳ್ಳಿಯ ಒಳಗುಟ್ಟು ಅವರಿಗೆ ಹೇಗೆ ಗೊತ್ತಾಗಬೇಕು? ಅದು ಗೊತ್ತಿದ್ದದ್ದು ಜೊತೆಗೆ ಕೂತು ಬರೆದ ಗೆಳೆಯ ಈರೇಗೌಡರಿಗೆ. ನೊದೆಕೊಪ್ಪಲು ಅವರದೇ ಊರು. ಇಬ್ಬರೂ ಮೊದಲು ಅಲ್ಲಿನ ಜನರನ್ನು ನೋಡಿದರು, ಆಮೇಲೆ ಅವರ ಮಾತು, ನಡಿಗೆ, ಬೈಗುಳ ಎಲ್ಲಾ ಇಟ್ಟುಕೊಂಡು ಪಾತ್ರ ಕಟ್ಟಿದರು. ಆ ಪಾತ್ರಗಳನ್ನು ಮಾಡಿದ್ದೂ ನಟನೆ ಗೊತ್ತಿಲ್ಲದ ಹಳ್ಳಿಯ ಜನರೇ. ನನ್ನ ಪ್ರಕಾರ ಸಿನಿಮಾ ಗೆದ್ದದ್ದು ಅಲ್ಲೇ, ಕ್ಯಾಮೆರಾ ಆನ್ ಆಗುವ ಮೊದಲೇ.

ಕಥೆ ಬಹಳ ಜನಕ್ಕೆ ಗೊತ್ತು. 101 ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಹೋಗುವವರನ್ನೆಲ್ಲ ಬೈದು ಬೈದು ಒಂದು ದಿನ ಸತ್ತುಹೋಗುತ್ತಾನೆ. ಮಗ ಗಡ್ಡಪ್ಪನಿಗೆ ತಿಥಿಯೂ ಬೇಡ, ಆಸ್ತಿಯೂ ಬೇಡ, ಟೈಗರ್ ಬ್ರಾಂಡಿ ಹಿಡಿದು ಹೊಲದ ಬದುವಿನಲ್ಲಿ ಸುಮ್ನೆ ಓಡಾಡುತ್ತಾನೆ. ಮೊಮ್ಮಗ ತಮ್ಮಣ್ಣನಿಗೋ ಜಮೀನು ಮಾರುವ ಆತುರ, ಅದಕ್ಕೆ ಬದುಕಿರುವ ಅಪ್ಪನನ್ನೇ ಕಾಗದದ ಮೇಲೆ ಸಾಯಿಸಲು ಹೊರಡುತ್ತಾನೆ! ಮರಿಮಗ ಅಭಿ ಕುರಿ ಕಾಯುವ ಹುಡುಗಿಯ ಹಿಂದೆ. ಇಷ್ಟೂ ಹನ್ನೊಂದು ದಿನದಲ್ಲಿ ಮುಗಿಯುತ್ತದೆ. ಅಳಿಸುವ ಹಿನ್ನೆಲೆ ಸಂಗೀತ ಇಲ್ಲ, ಇದು ನಗುವ ಜಾಗ ಅಂತ ಯಾರೂ ತೋರಿಸಿಕೊಡುವುದಿಲ್ಲ. ಆದರೂ ನಗು ಬರುತ್ತದೆ, ಅಲ್ವಾ?

2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ, ಆಮೇಲೆ ಮೊರಾಕೊದ ಮರಾಕೆಶ್‌ ಚಿತ್ರೋತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ, ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರ ಪ್ರಶಸ್ತಿ. ನಮ್ಮ ಥಿಯೇಟರಿಗೆ ಬಂದದ್ದು 2016ರ ಮೇ ತಿಂಗಳಲ್ಲಿ. ಹೊರಗಿನವರು ಹೊಗಳಿದ ಮೇಲೆ ತಾನೇ ನಾವು ಟಿಕೆಟ್ ತಗೊಳ್ಳೋದು, ಇರಲಿ. ನೋಡಿದವರಿಗಂತೂ ಹಿಡಿಸಿತು.

ಆಮೇಲೆ ಆದದ್ದು ನನಗೆ ಅಷ್ಟು ಇಷ್ಟವಾಗಲಿಲ್ಲ. ಗಡ್ಡಪ್ಪ, ಸೆಂಚುರಿ ಗೌಡನ ಪಾತ್ರ ಮಾಡಿದ ಇಬ್ಬರನ್ನೂ ಬೇರೆ ಬೇರೆ ಸಿನಿಮಾದವರು ಕರೆದುಕೊಂಡು ಹೋದರು. ವಯಸ್ಸಾದವರಿಗೆ ನಾಲ್ಕು ಕಾಸು ಸಿಕ್ಕಿದ್ದರೆ ಸಂತೋಷವೇ. ಆದರೆ ಬಹಳಷ್ಟು ಕಡೆ ಬೇಕಾಗಿದ್ದದ್ದು ಆ ಗಡ್ಡ, ಆ ಬೈಗುಳ, ಅಷ್ಟೇ. ಊರಲ್ಲಿ ಕೂತು ಜನರನ್ನು ನೋಡುವ ತಾಳ್ಮೆಯನ್ನು ಯಾರೂ ಎರವಲು ತಗೊಳ್ಳಲಿಲ್ಲ.

ಈರೇಗೌಡರು ಮಾತ್ರ ಆ ದಾರಿ ಬಿಡಲಿಲ್ಲ. ತಾವೇ ನಿರ್ದೇಶಿಸಿದ ‘ಬಳೆಕೆಂಪ’ದಲ್ಲಿ ಮತ್ತೆ ಹಳ್ಳಿ, ಮತ್ತೆ ನಟನೆ ಗೊತ್ತಿಲ್ಲದ ಜನ. 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಅದಕ್ಕೆ ವಿಮರ್ಶಕರ ಪ್ರಶಸ್ತಿಯೂ ಬಂತು. ಅದನ್ನು ನೋಡಿದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ, ಹೇಳಿ?